ಬೀಟಾ ಕ್ಷಯ: ನ್ಯೂಕ್ಲಿಯಸ್‌ನಲ್ಲಿ ಇಲ್ಲದ ಎಲೆಕ್ಟ್ರಾನ್ ಅಲ್ಲಿಂದ ಹೊರಗೆ ಬರೋದು ಹೇಗೆ?

ಪಿಯು_ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿ. ಪಾಠದಲ್ಲಿ ಒಂದು ಕಡೆ ನ್ಯೂಕ್ಲಿಯಸ್‌ನಲ್ಲಿ ಪ್ರೋಟಾನ್, ನ್ಯೂಟ್ರಾನ್ ಮಾತ್ರ ಇರುತ್ತವೆ ಅಂತಿದೆ. ಸ್ವಲ್ಪ ಮುಂದೆ ಹೋದರೆ ಬೀಟಾ ಕ್ಷಯದಲ್ಲಿ ನ್ಯೂಕ್ಲಿಯಸ್‌ನಿಂದ ಎಲೆಕ್ಟ್ರಾನ್ ಹೊರಬರುತ್ತದೆ ಅಂತಿದೆ. ಒಳಗೆ ಇಲ್ಲದ್ದು ಹೊರಗೆ ಬರೋದು ಹೇಗೆ? ಕ್ಲಾಸಲ್ಲಿ ಕೇಳಿದೆ, ‘ನ್ಯೂಟ್ರಾನ್ ಪ್ರೋಟಾನ್ ಆಗುತ್ತೆ, ಆಗ ಬರುತ್ತೆ, ಅಷ್ಟು ಬರಿ ಸಾಕು’ ಅಂದ್ರು. ಬರೆಯೋಕೆ ಸಾಕು, ಆದರೆ ಅರ್ಥ ಆಗಿಲ್ಲ. ದಯವಿಟ್ಟು ಯಾರಾದ್ರೂ ಬಿಡಿಸಿ ಹೇಳಿ.

ಹಾಸನ_ವಿಜ್ಞಾನಾಸಕ್ತ

ನ್ಯೂಟ್ರಾನ್ ಅಂದ್ರೇನೇ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಅಂಟಿಕೊಂಡಿರೋದು ಅಲ್ವಾ? ಧನ, ಋಣ ಸೇರಿ ಆವೇಶ ಸೊನ್ನೆ. ಆ ಅಂಟು ಬಿಟ್ಟಾಗ ಎಲೆಕ್ಟ್ರಾನ್ ಹೊರಗೆ ಹಾರುತ್ತೆ.

ನಿವೃತ್ತ_ಭೌತಶಾಸ್ತ್ರ_ಮೇಷ್ಟ್ರು

ಹಾಸನದವರು ಹೇಳಿದ ಹಾಗೆಯೇ 1920ರ ದಶಕದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. ಆಗಿನ್ನೂ ನ್ಯೂಟ್ರಾನ್ ಸಿಕ್ಕಿರಲಿಲ್ಲ. ಸಾರಜನಕ-14ರ ನ್ಯೂಕ್ಲಿಯಸ್‌ನಲ್ಲಿ 14 ಪ್ರೋಟಾನ್, 7 ಎಲೆಕ್ಟ್ರಾನ್ ಇವೆ ಎಂದು ಲೆಕ್ಕ ಹಾಕುತ್ತಿದ್ದರು. ಆ ಚಿತ್ರ ಎರಡು ಕಡೆ ಮುರಿದುಬಿತ್ತು.

ಮೊದಲನೆಯದು ಸ್ಪಿನ್, ಅಂದರೆ ಕಣಕ್ಕೆ ಸಹಜವಾಗಿಯೇ ಇರುವ ಕೋನೀಯ ಸಂವೇಗ. ಪ್ರೋಟಾನಿನದೂ ಎಲೆಕ್ಟ್ರಾನಿನದೂ ಸ್ಪಿನ್ ಅರ್ಧ. 14ಕ್ಕೆ 7 ಸೇರಿದರೆ 21 ಕಣ. ಬೆಸ ಸಂಖ್ಯೆಯ ಅರ್ಧಗಳನ್ನು ಹೇಗೆ ಕೂಡಿಸಿ ಕಳೆದರೂ ಪೂರ್ಣಾಂಕ ಬರುವುದಿಲ್ಲ. ಪ್ರಯೋಗದಲ್ಲಿ ಸಾರಜನಕ-14ರ ಸ್ಪಿನ್ 1 ಎಂದು ಬಂತು. 7 ಪ್ರೋಟಾನ್, 7 ನ್ಯೂಟ್ರಾನ್ ಎಂದು ಇಟ್ಟುಕೊಂಡರೆ 14 ಕಣ, ಲೆಕ್ಕ ಸರಿಯಾಗಿ ಕೂರುತ್ತದೆ.

ಎರಡನೆಯದು ಜಾಗ. ಹೈಸೆನ್‌ಬರ್ಗ್ ಅನಿಶ್ಚಿತತಾ ತತ್ವ ನಿಮಗೆ ಗೊತ್ತಿರಬೇಕು. ಎಲೆಕ್ಟ್ರಾನಿನಂಥ ಹಗುರ ಕಣವನ್ನು ನ್ಯೂಕ್ಲಿಯಸ್ಸಿನಷ್ಟು ಇಕ್ಕಟ್ಟಿನಲ್ಲಿ ಕೂಡಿಹಾಕಿದರೆ ಅದಕ್ಕೆ ಹತ್ತಾರು ಎಂಇವಿ (ಒಂದು ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟ್, ಕೆಇವಿ ಎಂದರೆ ಸಾವಿರ; ಕಣಗಳ ಶಕ್ತಿಯ ಅಳತೆಗಳು) ಚಲನಶಕ್ತಿ ಇರಲೇಬೇಕಾಗುತ್ತದೆ. ಹೊರಗೆ ಬರುವ ಬೀಟಾ ಕಣಗಳ ಶಕ್ತಿ ಸಾಮಾನ್ಯವಾಗಿ ಕೆಲವು ಕೆಇವಿಯಿಂದ ಕೆಲವು ಎಂಇವಿವರೆಗೆ. ಅಷ್ಟು ಶಕ್ತಿಯಿಂದ ಒಳಗೆ ಕುದಿಯುತ್ತಿದ್ದ ಕಣ ಹೊರಬರುವಾಗ ಮಾತ್ರ ಇಷ್ಟು ತಣ್ಣಗೆ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಈಗ ತೀರ್ಥಹಳ್ಳಿಯ ಹುಡುಗನ ಪ್ರಶ್ನೆ. ಮಗು, ಬಲ್ಬಿನೊಳಗೆ ಬೆಳಕನ್ನು ಮೊದಲೇ ತುಂಬಿಟ್ಟಿರುವುದಿಲ್ಲ, ಸ್ವಿಚ್ ಹಾಕಿದ ಮೇಲೆ ಅದು ಅಲ್ಲೇ ಹುಟ್ಟುತ್ತದೆ. ಎಲೆಕ್ಟ್ರಾನ್ ಕೂಡ ಕ್ಷಯದ ಕ್ಷಣದಲ್ಲೇ ಹುಟ್ಟುತ್ತದೆ. ಅದರ ಜೊತೆಗೇ ಆಂಟಿನ್ಯೂಟ್ರಿನೊ (ನ್ಯೂಟ್ರಿನೊ ಕಣದ ಪ್ರತಿಕಣ) ಎಂಬ ಇನ್ನೊಂದು ಕಣವೂ ಹುಟ್ಟುತ್ತದೆ. ಫರ್ಮಿ 1933ರ ಕೊನೆಯಲ್ಲಿ ಬರೆದು 1934ರಲ್ಲಿ ಪ್ರಕಟಿಸಿದ ಸಿದ್ಧಾಂತದ ತಿರುಳೇ ಇದು. ಪರಮಾಣು ಫೋಟಾನನ್ನು, ಅಂದರೆ ಬೆಳಕಿನ ಕಣವನ್ನು, ಹುಟ್ಟಿಸುವ ಗಣಿತವನ್ನೇ ಮಾದರಿಯಾಗಿ ಇಟ್ಟುಕೊಂಡು, ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊ ಜೋಡಿಯ ಹುಟ್ಟನ್ನು ಬರೆದರು. ದ್ರವ್ಯಕಣವೂ ಹೊಸದಾಗಿ ಹುಟ್ಟಬಹುದು ಎಂದು ಒಪ್ಪಿಕೊಳ್ಳುವುದು ಆ ಕಾಲಕ್ಕೆ ಬಹಳ ದೊಡ್ಡ ಹೆಜ್ಜೆ. ನಿನಗೆ ಕಷ್ಟ ಅನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಪಿಯು_ತೀರ್ಥಹಳ್ಳಿ

ಧನ್ಯವಾದ ಸರ್, ಈಗ ಹಿಡಿತ ಸಿಕ್ತು. ಹಾಗಾದ್ರೆ ಇನ್ನೊಂದು ಕೇಳ್ತೀನಿ. ನ್ಯೂಟ್ರಾನ್ ತಾನಾಗೇ ಪ್ರೋಟಾನ್ ಆಗೋದಾದ್ರೆ, ನನ್ನ ಮೈಯಲ್ಲಿರೋ ಕಾರ್ಬನ್, ಆಮ್ಲಜನಕದ ನ್ಯೂಟ್ರಾನ್‌ಗಳೆಲ್ಲ ಯಾಕೆ ಸುಮ್ನೆ ಕೂತಿವೆ?

ಕಣಭೌತ_ಸಂಶೋಧಕಿ

ಇದಕ್ಕೆ ಉತ್ತರ ಪೂರ್ತಿ ಶಕ್ತಿಯ ಜಮಾಖರ್ಚಿನಲ್ಲಿದೆ. ಅಂಕಿಗಳನ್ನು ಇಟ್ಟುಕೊಂಡು ನೋಡೋಣ.

ದ್ರವ್ಯರಾಶಿಯನ್ನೂ ಶಕ್ತಿಯ ಅಳತೆಯಲ್ಲೇ ಹೇಳುವುದಾದರೆ ನ್ಯೂಟ್ರಾನಿನದು 939.57 ಎಂಇವಿ, ಪ್ರೋಟಾನಿನದು 938.27. ವ್ಯತ್ಯಾಸ 1.29. ಎಲೆಕ್ಟ್ರಾನ್ ಹುಟ್ಟಲು 0.51 ಬೇಕು. ಉಳಿದ 0.78 ಎಂಇವಿ ಚಲನಶಕ್ತಿಯಾಗಿ ಹಂಚಿಹೋಗುತ್ತದೆ. ಆದ್ದರಿಂದ ಒಂಟಿ ನ್ಯೂಟ್ರಾನ್ ಕ್ಷಯಿಸಬಲ್ಲದು, ಕ್ಷಯಿಸುತ್ತದೆ ಕೂಡ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 10 ನಿಮಿಷ.

ನ್ಯೂಕ್ಲಿಯಸ್ಸಿನ ಒಳಗೆ ಈ ಲೆಕ್ಕವನ್ನು ಒಂಟಿ ನ್ಯೂಟ್ರಾನಿಗೆ ಮಾಡುವ ಹಾಗಿಲ್ಲ, ಇಡೀ ನ್ಯೂಕ್ಲಿಯಸ್ಸಿಗೆ ಮಾಡಬೇಕು. ಡ್ಯೂಟೀರಿಯಮ್ ತೆಗೆದುಕೊಳ್ಳಿ. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್, ಒಟ್ಟು 1875.61 ಎಂಇವಿ. ಒಳಗಿನ ನ್ಯೂಟ್ರಾನ್ ಪ್ರೋಟಾನ್ ಆಯಿತು ಅಂತ ಇಟ್ಟುಕೊಳ್ಳಿ. ಎರಡು ಪ್ರೋಟಾನ್ ಕಟ್ಟಿಕೊಂಡು ಇರಲಾರವು, ಬೇರೆಯಾಗುತ್ತವೆ. ಎರಡು ಪ್ರೋಟಾನ್, ಒಂದು ಎಲೆಕ್ಟ್ರಾನ್ ಸೇರಿ 1877.06 ಎಂಇವಿ. ಅಂದರೆ 1.44 ಎಂಇವಿ ಕೊರತೆ. ಅದನ್ನು ಕೊಡುವವರು ಯಾರೂ ಇಲ್ಲ. ಆದ್ದರಿಂದ ಡ್ಯೂಟೀರಿಯಮ್ ಸ್ಥಿರ. ನಿಮ್ಮ ಮೈಯ ಕಾರ್ಬನ್-12, ಆಮ್ಲಜನಕ-16ಕ್ಕೂ ಇದೇ ಕಾರಣ.

ಕಾರ್ಬನ್-14ರಲ್ಲಿ 6 ಪ್ರೋಟಾನಿಗೆ 8 ನ್ಯೂಟ್ರಾನ್. ಪೌಲಿ ನಿಯಮದ ಪ್ರಕಾರ ಒಂದು ಶಕ್ತಿಮಟ್ಟದಲ್ಲಿ ಇಂತಿಷ್ಟೇ ನ್ಯೂಟ್ರಾನ್ ಇರಬಹುದು, ಹೆಚ್ಚಾದವು ಮೇಲಿನ ಮಟ್ಟಕ್ಕೆ ಹೋಗಬೇಕು. ಪಕ್ಕದಲ್ಲಿ ಪ್ರೋಟಾನಿನ ಕೆಳಮಟ್ಟ ಖಾಲಿ ಇದ್ದಾಗ, ನ್ಯೂಟ್ರಾನ್ ಪ್ರೋಟಾನ್ ಆಗಿ ಅಲ್ಲಿಗೆ ಇಳಿದರೆ ಒಟ್ಟು ಶಕ್ತಿ ಕಡಿಮೆಯಾಗುತ್ತದೆ. ಕಾರ್ಬನ್-14 ಸಾರಜನಕ-14 ಆಗುವಾಗ ಉಳಿಯುವುದು ಬರೀ 0.156 ಎಂಇವಿ. ಅರ್ಧಾಯುಷ್ಯ ಸುಮಾರು 5,730 ವರ್ಷ.

ಹಾಸನ_ವಿಜ್ಞಾನಾಸಕ್ತ

ಹಾಗಿದ್ರೆ ಬೀಟಾ ಪ್ಲಸ್ ಹೇಗೆ ಸಾಧ್ಯ ಮೇಡಂ? ಅಲ್ಲಿ ಹಗುರವಾದ ಪ್ರೋಟಾನ್ ಭಾರವಾದ ನ್ಯೂಟ್ರಾನ್ ಆಗುತ್ತೆ, ಮೇಲಿಂದ ಪಾಸಿಟ್ರಾನ್ (ಧನ ಆವೇಶದ ಎಲೆಕ್ಟ್ರಾನ್) ಬೇರೆ ಹುಟ್ಟುತ್ತೆ.

ಕಣಭೌತ_ಸಂಶೋಧಕಿ

ಒಂಟಿ ಪ್ರೋಟಾನಿಗೆ ಅದು ಸಾಧ್ಯವೇ ಇಲ್ಲ. ಹಾಗಾಗಿಯೇ ಹೈಡ್ರೋಜನ್ ಉಳಿದಿದೆ, ನೀರು ಉಳಿದಿದೆ. ನ್ಯೂಕ್ಲಿಯಸ್ಸಿನೊಳಗೆ ಮಾತ್ರ, ಪ್ರೋಟಾನ್ ಹೆಚ್ಚಾಗಿ ಮಟ್ಟಗಳು ಮೇಲಕ್ಕೇರಿದಾಗ, ಬಂಧನಶಕ್ತಿಯ ವ್ಯತ್ಯಾಸದಿಂದ ಆ ಖರ್ಚು ತೀರುತ್ತದೆ.

ಪರೀಕ್ಷೆಗೆ ಓದುವವರು ಇಲ್ಲಿ ಒಂದು ವಿಷಯ ಗಮನಿಸಿ. ಪುಸ್ತಕದ ಕೋಷ್ಟಕದಲ್ಲಿ ಕೊಡುವುದು ಪರಮಾಣುವಿನ ದ್ರವ್ಯರಾಶಿ, ಅದರಲ್ಲಿ ಸುತ್ತಲಿನ ಎಲೆಕ್ಟ್ರಾನ್‌ಗಳೂ ಸೇರಿವೆ. ಬೀಟಾ ಮೈನಸ್‌ನಲ್ಲಿ (ಎಲೆಕ್ಟ್ರಾನ್ ಹೊರಬರುವ ಕ್ಷಯದಲ್ಲಿ) ಅವು ತಾವಾಗಿಯೇ ಸರಿಹೊಂದುತ್ತವೆ, ನೇರವಾಗಿ ಕಳೆದರೆ ಸಾಕು. ಬೀಟಾ ಪ್ಲಸ್‌ನಲ್ಲಿ ಹಾಗಾಗುವುದಿಲ್ಲ. ಎರಡು ಎಲೆಕ್ಟ್ರಾನ್ ದ್ರವ್ಯರಾಶಿ, ಅಂದರೆ 1.022 ಎಂಇವಿ ಹೆಚ್ಚಿಗೆ ಕಳೆಯಬೇಕು. ಫ್ಲೋರಿನ್-18, ಆಮ್ಲಜನಕ-18 ಪರಮಾಣುಗಳ ವ್ಯತ್ಯಾಸ 1.656 ಎಂಇವಿ. ಅದರಿಂದ 1.022 ಕಳೆದರೆ 0.634. ಪಾಸಿಟ್ರಾನಿನ ಗರಿಷ್ಠ ಶಕ್ತಿ ಪ್ರಯೋಗದಲ್ಲೂ ಅಷ್ಟೇ.

ವ್ಯತ್ಯಾಸ 1.022ಕ್ಕಿಂತ ಕಡಿಮೆ ಇದ್ದರೆ? ಪಾಸಿಟ್ರಾನ್ ಹುಟ್ಟಲಾರದು. ಆಗ ಇನ್ನೊಂದು ದಾರಿ ಇದೆ: ಒಳಕವಚದ ಎಲೆಕ್ಟ್ರಾನ್ ಒಂದನ್ನು ನ್ಯೂಕ್ಲಿಯಸ್ ನುಂಗಿಕೊಂಡು, ಪ್ರೋಟಾನನ್ನು ನ್ಯೂಟ್ರಾನ್ ಮಾಡಿ, ನ್ಯೂಟ್ರಿನೊವನ್ನು ಹೊರಗೆ ಬಿಡುತ್ತದೆ. ಇದೇ ಎಲೆಕ್ಟ್ರಾನ್ ಸೆರೆ. ಅಲ್ವಾರೆಜ್ ಇದನ್ನು 1937ರಲ್ಲಿ ಪ್ರಯೋಗದಲ್ಲಿ ಕಂಡರು. ಬೆರಿಲಿಯಮ್-7ಕ್ಕೆ ಇರುವುದು ಇದೊಂದೇ ದಾರಿ, ಏಕೆಂದರೆ ಅದರ ಬಳಿ 0.862 ಎಂಇವಿ ಮಾತ್ರ ಇದೆ. ಅರ್ಧಾಯುಷ್ಯ 53 ದಿನ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಸಾರಜನಕ, ಆಮ್ಲಜನಕಕ್ಕೆ ಬಡಿದು ಬೆರಿಲಿಯಮ್-7 ಸದಾ ಹುಟ್ಟುತ್ತಿರುತ್ತದೆ, ಮಳೆ ಅದನ್ನು ನೆಲಕ್ಕೆ ಇಳಿಸುತ್ತದೆ. ತೀರ್ಥಹಳ್ಳಿಯ ಮಳೆಗಾಲದ ನೀರಿನಲ್ಲೂ ಅತ್ಯಲ್ಪ ಪ್ರಮಾಣದಲ್ಲಿ ಅದು ಇರುತ್ತದೆ.

ಧಾರವಾಡ_ಓದುಗ

ಮೇಷ್ಟ್ರ, ನನಗೊಂದು ಸಂಶಯ ಐತ್ರಿ. ಲೆಕ್ಕ ಕೂಡಲಿಲ್ಲಂತ ನ್ಯೂಟ್ರಿನೊ ಅನ್ನೋ ಕಣಾ ಹುಟ್ಟಿಸಿಕೊಂಡ್ರು ಅಂತ ಎಲ್ಲೋ ಓದೀನಿ. ಆವೇಶ ಇಲ್ಲ, ತೂಕ ಇಲ್ಲದಷ್ಟು ಕಡಿಮಿ, ಕಣ್ಣಿಗೂ ಬೀಳಂಗಿಲ್ಲ. ಇದು ವಿಜ್ಞಾನ ಹೆಂಗಾತ್ರಿ? ಲೆಕ್ಕದಾಗ ರೊಕ್ಕ ಕಡಿಮಿ ಬಂತಂದ್ರ ಯಾರೋ ಕಾಣದವರು ಒಯ್ದಾರ ಅಂತ ಬರದಂಗ ಆಗಲಿಲ್ಲೇನು?

ನಿವೃತ್ತ_ಭೌತಶಾಸ್ತ್ರ_ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ. ನನ್ನ ಮಟ್ಟಿಗೆ ಬೀಟಾ ಕ್ಷಯದ ಪಾಠದಲ್ಲಿ ಅತಿ ಮುಖ್ಯವಾದ ಭಾಗ ಇದೇ. ತರಗತಿಗಳಲ್ಲಿ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ ಎನ್ನುವುದು ನನಗೆ ತುಂಬ ನೋವಿನ ವಿಷಯ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಆಲ್ಫಾ ಕ್ಷಯದಲ್ಲಿ ಒಂದು ಧಾತುವಿನಿಂದ ಬರುವ ಕಣಗಳಿಗೆ ನಿರ್ದಿಷ್ಟ ಶಕ್ತಿ ಇರುತ್ತದೆ. ಒಂದು ವಸ್ತು ಎರಡಾಗಿ ಒಡೆದರೆ, ಶಕ್ತಿ ಮತ್ತು ಸಂವೇಗದ ಸಂರಕ್ಷಣೆಯಿಂದ ಪ್ರತಿಯೊಂದರ ಪಾಲು ನಿಗದಿಯಾಗಿಬಿಡುತ್ತದೆ. ಬೀಟಾದಲ್ಲೂ ಹಾಗೇ ಇರಬೇಕು ಎಂದು ಎಲ್ಲರೂ ಎಣಿಸಿದ್ದರು. 1914ರಲ್ಲಿ ಚಾಡ್ವಿಕ್ ಬರ್ಲಿನ್‌ನಲ್ಲಿ ಗೈಗರ್ ಅವರ ಪ್ರಯೋಗಾಲಯದಲ್ಲಿ ಅಳೆದಾಗ ಬೇರೆಯೇ ಕಂಡಿತು. ಎಲೆಕ್ಟ್ರಾನ್‌ಗಳ ಶಕ್ತಿ ಸೊನ್ನೆಯಿಂದ ಒಂದು ಗರಿಷ್ಠದವರೆಗೆ ಎಡೆಬಿಡದೆ ಹರಡಿತ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿ, ಇಂಗ್ಲೆಂಡಿನವರಾದ ಚಾಡ್ವಿಕ್ ಜರ್ಮನಿಯ ರೂಲೆಬೆನ್ ಶಿಬಿರದಲ್ಲಿ ಯುದ್ಧ ಮುಗಿಯುವವರೆಗೂ ಬಂದಿಯಾಗಿದ್ದರು.

ಲೀಸೆ ಮೈಟ್ನರ್ ಅವರ ವಾದ ಹೀಗಿತ್ತು: ನ್ಯೂಕ್ಲಿಯಸ್ಸಿನಿಂದ ಹೊರಡುವಾಗ ಎಲ್ಲ ಎಲೆಕ್ಟ್ರಾನ್‌ಗಳಿಗೂ ಒಂದೇ ಶಕ್ತಿ, ಆಮೇಲೆ ದಾರಿಯಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕಳೆದುಕೊಳ್ಳುತ್ತವೆ. ತಳ್ಳಿಹಾಕುವಂಥ ವಾದವಲ್ಲ. ಅದನ್ನು ಪರೀಕ್ಷಿಸಿದವರು ಕೇಂಬ್ರಿಡ್ಜ್‌ನ ಎಲ್ಲಿಸ್ ಮತ್ತು ವೂಸ್ಟರ್, 1927ರಲ್ಲಿ. ಅವರ ಉಪಾಯ ಸರಳ. ರೇಡಿಯಮ್-ಇ, ಅಂದರೆ ಬಿಸ್ಮತ್-210 ಅನ್ನು ಎಲೆಕ್ಟ್ರಾನ್‌ಗಳು ತಪ್ಪಿಸಿಕೊಳ್ಳಲಾಗದ ಹಾಗೆ ಲೋಹದಿಂದ ಮುಚ್ಚಿ, ಎಷ್ಟು ಶಾಖ ಹುಟ್ಟುತ್ತದೆ ಎಂದು ಕ್ಯಾಲರಿಮೀಟರಿನಲ್ಲಿ ಅಳೆದರು. ದಾರಿಯಲ್ಲಿ ಕಳೆದುಹೋದ ಶಕ್ತಿಯೂ ಆ ಡಬ್ಬಿಯೊಳಗೇ ಶಾಖವಾಗಿ ಸಿಗಬೇಕಲ್ಲವೇ? ಮೈಟ್ನರ್ ಹೇಳಿದ್ದು ಸರಿಯಾಗಿದ್ದರೆ ಒಂದು ಕ್ಷಯಕ್ಕೆ ಗರಿಷ್ಠ ಶಕ್ತಿ, ಅಂದರೆ ಅವರ ಲೆಕ್ಕದಲ್ಲಿ 1.05 ಎಂಇವಿ ಬರಬೇಕಿತ್ತು. ಬಂದದ್ದು ಸುಮಾರು 0.35. ಶಕ್ತಿಯ ಆ ಹರಡಿಕೆಯ, ಅಂದರೆ ರೋಹಿತದ, ಸರಾಸರಿಗೆ ಅದು ಸಮೀಪವಾಗಿತ್ತು. ಮೈಟ್ನರ್ ಆರ್ಟ್‌ಮನ್ ಜೊತೆ ಸೇರಿ ತಾವೇ ಇನ್ನೂ ನಿಖರವಾಗಿ ಪ್ರಯೋಗ ಮಾಡಿದರು. ಅದೇ ಉತ್ತರ ಬಂತು, ಅವರು ಅದನ್ನು ಪ್ರಕಟಿಸಿದರು.

ಧಾರವಾಡದವರೇ, ಆಗ ಇದ್ದ ದಾರಿ ಎರಡೇ. ಶಕ್ತಿ ಸಂರಕ್ಷಣೆ ಪ್ರತಿಯೊಂದು ಕ್ಷಯಕ್ಕೂ ಅನ್ವಯಿಸುವುದಿಲ್ಲ, ಸರಾಸರಿಗೆ ಮಾತ್ರ ಎಂದು ಒಪ್ಪುವುದು ಒಂದು. ನೀಲ್ಸ್ ಬೋರ್ ಅದಕ್ಕೆ ಸಿದ್ಧರಿದ್ದರು. ಕಾಣದ ಮೂರನೆಯ ಕಣವೊಂದಿದೆ ಎನ್ನುವುದು ಇನ್ನೊಂದು. 1930ರ ಡಿಸೆಂಬರ್ 4ರಂದು ಪೌಲಿ ಜ್ಯೂರಿಕ್‌ನಿಂದ ಬರೆದ ಪತ್ರದಲ್ಲಿ ಈ ಎರಡನೆಯ ದಾರಿ ಹಿಡಿದರು. ಟ್ಯೂಬಿಂಗೆನ್‌ನಲ್ಲಿ ಸೇರಿದ್ದ ವಿಕಿರಣ ವಿಜ್ಞಾನಿಗಳಿಗೆ ಬರೆದ ಪತ್ರ ಅದು. ಆ ಕಣಕ್ಕೆ ಸ್ಪಿನ್ ಅರ್ಧ ಇರಬೇಕು, ಆವೇಶ ಇರಬಾರದು ಎಂದರು. ಗಮನಿಸಿ, ಆ ಕಣ ಶಕ್ತಿಯ ಕೊರತೆಯೊಂದನ್ನೇ ತುಂಬಲಿಲ್ಲ. ನ್ಯೂಟ್ರಾನಿನ ಸ್ಪಿನ್ ಅರ್ಧ, ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಎರಡೇ ಬಂದರೆ ಒಟ್ಟು ಪೂರ್ಣಾಂಕ. ಕೋನೀಯ ಸಂವೇಗದ ಲೆಕ್ಕಕ್ಕೂ ಅರ್ಧ ಸ್ಪಿನ್ನಿನ ಮೂರನೆಯ ಕಣ ಬೇಕೇ ಬೇಕು. ಬೋರ್ ದಾರಿಯಲ್ಲಿ ಎಲೆಕ್ಟ್ರಾನ್ ಶಕ್ತಿಗೆ ಖಚಿತವಾದ ಮೇಲ್ಮಿತಿ ಯಾಕಿರಬೇಕು ಎಂಬುದಕ್ಕೂ ಉತ್ತರವಿರಲಿಲ್ಲ. ಪೌಲಿ ದಾರಿಯಲ್ಲಿ ಅದು ತಾನಾಗಿಯೇ ಬರುತ್ತದೆ: ನ್ಯೂಟ್ರಿನೊ ಪಾಲಿಗೆ ಏನೂ ಸಿಗದಾಗ ಎಲೆಕ್ಟ್ರಾನಿಗೆ ಗರಿಷ್ಠ.

ಹಿಡಿಯಲು 26 ವರ್ಷ ಬೇಕಾಯಿತು. ಕೋವನ್ ಮತ್ತು ರೀನ್ಸ್ 1956ರಲ್ಲಿ ಅಮೆರಿಕದ ಸವಾನಾ ರಿವರ್ ರಿಯಾಕ್ಟರ್ ಪಕ್ಕ, ನೆಲದಡಿಯಲ್ಲಿ, ಕ್ಯಾಡ್ಮಿಯಮ್ ಕ್ಲೋರೈಡ್ ಕರಗಿಸಿದ ನೀರಿನ ತೊಟ್ಟಿ ಇಟ್ಟರು. ಆಂಟಿನ್ಯೂಟ್ರಿನೊ ಒಂದು ಪ್ರೋಟಾನಿಗೆ ಬಡಿದರೆ ನ್ಯೂಟ್ರಾನ್, ಪಾಸಿಟ್ರಾನ್ ಹುಟ್ಟಬೇಕು. ಪಾಸಿಟ್ರಾನ್ ತಕ್ಷಣ ಅಳಿದು ಎರಡು ಗಾಮಾ ಕಿರಣ, ಕೆಲವು ಮೈಕ್ರೊಸೆಕೆಂಡ್ ಬಿಟ್ಟು ನ್ಯೂಟ್ರಾನ್ ಕ್ಯಾಡ್ಮಿಯಮ್ಮಿಗೆ ಸಿಕ್ಕಿ ಮತ್ತೊಂದು ಮಿಂಚು. ಈ ಜೋಡಿ ಗುರುತು ಗಂಟೆಗೆ ಸುಮಾರು ಮೂರರಂತೆ ಸಿಕ್ಕಿತು. ರಿಯಾಕ್ಟರ್ ನಿಂತಾಗ ಕಡಿಮೆಯಾಯಿತು. ಪೌಲಿಗೆ ತಂತಿ ಕಳಿಸಿದರು, ಅವರು ಆಗಿನ್ನೂ ಬದುಕಿದ್ದರು. ನೊಬೆಲ್ ರೀನ್ಸ್ ಅವರಿಗೆ 1995ರಲ್ಲಿ ಬಂತು, ಕೋವನ್ 1974ರಲ್ಲೇ ತೀರಿಕೊಂಡಿದ್ದರು.

ಧಾರವಾಡ_ಓದುಗ

ಭಾಳ ಚಲೋ ಹೇಳಿದ್ರಿ ಸರ್. ರಿಯಾಕ್ಟರ್ ನಿಂತಾಗ ಎಣಿಕಿ ಇಳೀತು ಅನ್ನೋದ ನನಗ ದೊಡ್ಡ ಪುರಾವೆ ಅನಿಸ್ತು. ಆದ್ರ ಬಾಂಬಿನಂಗ ಯುರೇನಿಯಮ್ ಒಡಿಯೋ ಜಾಗಾದಾಗ ಬೀಟಾ ಕ್ಷಯ ಎಲ್ಲಿಂದ ಬಂತ್ರಿ?

ಕಾರವಾರ_ಎಂಜಿನಿಯರ್

ಇದಕ್ಕೆ ನಾನು ಉತ್ತರಿಸುತ್ತೇನೆ. ಭಾರವಾದ ನ್ಯೂಕ್ಲಿಯಸ್‌ಗಳಲ್ಲಿ ಪ್ರೋಟಾನಿಗಿಂತ ನ್ಯೂಟ್ರಾನ್ ಬಹಳ ಹೆಚ್ಚು. ಯುರೇನಿಯಮ್-235ರಲ್ಲಿ 92 ಪ್ರೋಟಾನ್, 143 ನ್ಯೂಟ್ರಾನ್. ಅದು ಒಡೆದು ಮಧ್ಯಮ ತೂಕದ ಎರಡು ತುಂಡಾದಾಗ ಆ ತುಂಡುಗಳ ತೂಕಕ್ಕೆ ಬೇಕಾದ್ದಕ್ಕಿಂತ ನ್ಯೂಟ್ರಾನ್ ಹೆಚ್ಚಿಗೆ ಉಳಿದಿರುತ್ತವೆ. ಆದ್ದರಿಂದ ಪ್ರತಿ ತುಂಡೂ ಒಂದಾದ ಮೇಲೊಂದು ಬೀಟಾ ಮೈನಸ್ ಕ್ಷಯ ಮಾಡುತ್ತಾ ಸ್ಥಿರತೆಯ ಕಡೆ ನಡೆಯುತ್ತದೆ. ಒಂದು ವಿದಳನಕ್ಕೆ, ಅಂದರೆ ಹೀಗೆ ಒಮ್ಮೆ ಒಡೆದದ್ದಕ್ಕೆ, ಸರಾಸರಿ ಆರು ಬೀಟಾ ಕ್ಷಯ, ಆರು ಆಂಟಿನ್ಯೂಟ್ರಿನೊ.

ಇದರ ಪರಿಣಾಮ ನಮ್ಮ ಕೆಲಸದಲ್ಲಿ ಪ್ರತಿದಿನ ಕಾಣುತ್ತದೆ. ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಒಂದು ಘಟಕದ ಉಷ್ಣಶಕ್ತಿ 700 ಮೆಗಾವ್ಯಾಟ್‌ಗೂ ಹೆಚ್ಚು. ಅಂಥ ರಿಯಾಕ್ಟರನ್ನು ನಿಲ್ಲಿಸಿದಾಗ ವಿದಳನ ತಕ್ಷಣ ನಿಲ್ಲುತ್ತದೆ, ಬೀಟಾ ಕ್ಷಯ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವ ಸ್ವಿಚ್ ಯಾರ ಕೈಯಲ್ಲೂ ಇಲ್ಲ. ನಿಲ್ಲಿಸಿದ ಕ್ಷಣದಲ್ಲೂ ಪೂರ್ಣ ಶಕ್ತಿಯ ಶೇ 6ರಿಂದ 7ರಷ್ಟು ಶಾಖ ಬೀಟಾ ಮತ್ತು ಅದರ ಹಿಂದೆ ಬರುವ ಗಾಮಾದಿಂದ ಹುಟ್ಟುತ್ತಿರುತ್ತದೆ, ಅಂದರೆ 40 ಮೆಗಾವ್ಯಾಟ್‌ಗೂ ಮಿಗಿಲು. ಆಮೇಲೆ ಬೇಗ ಇಳಿಯುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. 2011ರಲ್ಲಿ ಫುಕುಶಿಮಾದಲ್ಲಿ ಭೂಕಂಪ ಆದ ಕೂಡಲೇ ಓಡುತ್ತಿದ್ದ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು. ಸುನಾಮಿಯಿಂದ ವಿದ್ಯುತ್ ಹೋಗಿ ತಂಪಿಸುವ ವ್ಯವಸ್ಥೆ ಕೆಟ್ಟಾಗ ಇಂಧನವನ್ನು ಕರಗಿಸಿದ್ದು ಈ ಉಳಿಕೆ ಶಾಖ.

ಇನ್ನೊಂದು ಹೇಳಬೇಕು. ನಮ್ಮ ದೇಶದ ಥೋರಿಯಮ್ ಯೋಜನೆ ನಿಂತಿರುವುದೇ ಬೀಟಾ ಕ್ಷಯದ ಮೇಲೆ. ಥೋರಿಯಮ್-232 ತಾನಾಗಿ ಇಂಧನವಲ್ಲ. ಅದು ನ್ಯೂಟ್ರಾನ್ ನುಂಗಿ ಥೋರಿಯಮ್-233 ಆಗಬೇಕು, ಅದು 22 ನಿಮಿಷದ ಅರ್ಧಾಯುಷ್ಯದಲ್ಲಿ ಪ್ರೊಟಾಕ್ಟಿನಿಯಮ್-233, ಅದು 27 ದಿನದ ಅರ್ಧಾಯುಷ್ಯದಲ್ಲಿ ಯುರೇನಿಯಮ್-233. ಎರಡೂ ಬೀಟಾ ಹೆಜ್ಜೆ. ಕಲ್ಪಾಕ್ಕಮ್‌ನ ಕಾಮಿನಿ ಎಂಬ ಸಣ್ಣ ರಿಯಾಕ್ಟರ್ ಈ ಯುರೇನಿಯಮ್-233ರಿಂದಲೇ ನಡೆಯುವಂಥದ್ದು. ಯುರೇನಿಯಮ್-238ರಿಂದ ಪ್ಲುಟೋನಿಯಮ್-239 ಆಗುವುದೂ ಎರಡು ಬೀಟಾ ಹೆಜ್ಜೆಯಲ್ಲಿ, ನೆಪ್ಚೂನಿಯಮ್ ಮೂಲಕ.

ಮೈಸೂರು_ಗೃಹಿಣಿ

ಮಧ್ಯೆ ಬಂದು ಬೇರೆ ಪ್ರಶ್ನೆ ಕೇಳ್ತಿದ್ದೀನಿ, ಬೇಸರ ಮಾಡ್ಕೋಬೇಡಿ. ನಮ್ಮ ಅತ್ತೆಗೆ ಥೈರಾಯ್ಡ್ ಆಪರೇಷನ್ ಆಗಿ ಈಗ ವಿಕಿರಣ ಅಯೋಡಿನ್ ಕೊಡ್ತೀವಿ ಅಂದಿದ್ದಾರೆ. ಅದೂ ಬೀಟಾನೇ ಅಂತ ಡಾಕ್ಟರ್ ಹೇಳಿದ್ರು. ಬೀಟಾ ಮೈ ದಾಟಿ ಹೊರಗೆ ಬರಲ್ಲ ಅಂತಾನೂ ಅಂದ್ರು. ಹಾಗಾದ್ರೆ ಅವರನ್ನ ಬೇರೆ ರೂಮಲ್ಲಿ ಯಾಕೆ ಇಡಬೇಕು? ಮನೇಲಿ ಚಿಕ್ಕ ಮಗು ಇದೆ, ಭಯ ಆಗ್ತಿದೆ.

ನ್ಯೂಕ್ಲಿಯರ್_ಮೆಡಿಸಿನ್_ತಂತ್ರಜ್ಞೆ

ಅಕ್ಕಾ, ಭಯಪಡಬೇಡಿ, ನಾನು ಇದೇ ವಿಭಾಗದಲ್ಲಿ ಕೆಲಸ ಮಾಡೋದು. ಅಯೋಡಿನ್-131 ಬೀಟಾ ಕ್ಷಯದಿಂದ ಕ್ಸೆನಾನ್-131 ಆಗುತ್ತೆ, ಅರ್ಧಾಯುಷ್ಯ 8 ದಿನ. ಥೈರಾಯ್ಡ್ ಜೀವಕೋಶಗಳು ಅಯೋಡಿನನ್ನ ತಾವಾಗಿಯೇ ಎಳ್ಕೊಳ್ತವೆ. ಅಲ್ಲಿ ಹುಟ್ಟೋ ಬೀಟಾ ಕಣ ಅಂಗಾಂಶದಲ್ಲಿ ಹೆಚ್ಚಂದ್ರೆ 2 ಮಿಲಿಮೀಟರ್ ಹೋಗುತ್ತೆ, ಹೆಚ್ಚಿನವು ಅದಕ್ಕಿಂತ ತುಂಬ ಕಡಿಮೆ. ಆದ್ದರಿಂದ ಉಳಿದಿರೋ ಥೈರಾಯ್ಡ್ ಕೋಶಗಳಿಗೆ ಪೆಟ್ಟು ಬೀಳುತ್ತೆ, ಸುತ್ತಲಿನ ಅಂಗಗಳಿಗೆ ಹೆಚ್ಚು ತೊಂದರೆ ಆಗಲ್ಲ. ಔಷಧಿಯ ಕೆಲಸ ಮಾಡೋದು ಈ ಬೀಟಾ.

ಆದರೆ ಬೀಟಾ ಆದಮೇಲೆ ಹುಟ್ಟಿದ ಕ್ಸೆನಾನ್ ನ್ಯೂಕ್ಲಿಯಸ್‌ನಲ್ಲಿ ಇನ್ನೂ ಶಕ್ತಿ ಉಳಿದಿರುತ್ತೆ, ಅದು 364 ಕೆಇವಿಯ ಗಾಮಾ ಕಿರಣವಾಗಿ ಹೊರಗೆ ಬರುತ್ತೆ. ಗಾಮಾ ದೇಹ ದಾಟಿ ಬರುತ್ತೆ. ಬೇರೆ ರೂಮು ಅದಕ್ಕೆ. ಥೈರಾಯ್ಡ್‌ಗೆ ಸೇರದ ಅಯೋಡಿನ್ ಮುಖ್ಯವಾಗಿ ಮೂತ್ರದಲ್ಲಿ ಹೋಗುತ್ತೆ, ಹಾಗಾಗಿ ಶೌಚಾಲಯದ ಸ್ವಚ್ಛತೆ, ಹೆಚ್ಚು ನೀರು, ಬೇರೆ ತಟ್ಟೆ ಲೋಟ ಅಂತ ಹೇಳೋದು. ಮಗುವನ್ನ ಎಷ್ಟು ದಿನ ದೂರ ಇಡ್ಬೇಕು ಅನ್ನೋದು ಕೊಟ್ಟ ಪ್ರಮಾಣದ ಮೇಲೆ ಹೋಗುತ್ತೆ. ಡಿಸ್ಚಾರ್ಜ್ ಮಾಡೋವಾಗ ಅಳತೆ ಮಾಡಿ ಬರೆದು ಕೊಡ್ತಾರೆ, ಅದನ್ನ ಅಕ್ಷರಶಃ ಪಾಲಿಸಿ.

ಮೇಲೆ ಮೇಡಂ ಹೇಳಿದ ಫ್ಲೋರಿನ್-18 ನಮ್ಮ ಪೆಟ್ ಸ್ಕ್ಯಾನ್‌ನಲ್ಲಿ ಬಳಸೋದು. ಅಯೋಡಿನ್-131 ರಿಯಾಕ್ಟರ್‌ನಿಂದ ಬರುತ್ತೆ, ಅಲ್ಲಿ ನ್ಯೂಟ್ರಾನ್ ಧಾರಾಳ, ಆದ್ದರಿಂದ ಬೀಟಾ ಮೈನಸ್. ಫ್ಲೋರಿನ್-18 ಸೈಕ್ಲೋಟ್ರಾನ್ ಅನ್ನೋ ಕಣಗಳಿಗೆ ವೇಗ ಕೊಡೋ ಯಂತ್ರದಲ್ಲಿ, ಆಮ್ಲಜನಕ-18 ಇರೋ ನೀರಿಗೆ ಪ್ರೋಟಾನ್ ಹೊಡೆದು ಮಾಡೋದು, ಆದ್ದರಿಂದ ಬೀಟಾ ಪ್ಲಸ್. ಕ್ಷಯಿಸಿದ ಮೇಲೆ ಅದು ಮತ್ತೆ ಆಮ್ಲಜನಕ-18 ಆಗುತ್ತೆ. 110 ನಿಮಿಷಕ್ಕೆ ಅರ್ಧ ಖಾಲಿ, ಹಾಗಾಗಿ ಬೆಳಗ್ಗೆ ಗಾಡಿ ತಡವಾದ್ರೆ ನಮಗೆಲ್ಲ ತಳಮಳ. ಪಾಸಿಟ್ರಾನ್ ಹತ್ತಿರದ ಎಲೆಕ್ಟ್ರಾನ್ ಜೊತೆ ಸೇರಿ ಅಳಿದಾಗ ತಲಾ 511 ಕೆಇವಿಯ ಎರಡು ಫೋಟಾನ್ ಎದುರುಬದುರು ದಿಕ್ಕಿಗೆ ಹೋಗ್ತವೆ. ಅವೆರಡೂ ಒಟ್ಟಿಗೆ ಬಡಿದ ಜಾಗಗಳನ್ನ ಗೆರೆಯಿಂದ ಜೋಡಿಸಿ ಜೋಡಿಸಿ ಯಂತ್ರ ಚಿತ್ರ ಬರೆಯುತ್ತೆ.

ಮೈಸೂರು_ಗೃಹಿಣಿ

ತುಂಬಾ ಉಪಕಾರ ಆಯ್ತಮ್ಮ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಗುವನ್ನ ನಮ್ಮ ತಾಯಿ ಮನೇಲಿ ಬಿಡ್ತೀವಿ.

ಹಾಸನ_ವಿಜ್ಞಾನಾಸಕ್ತ

ಕಾರವಾರದವರು ‘ನಿಲ್ಲಿಸುವ ಸ್ವಿಚ್ ಇಲ್ಲ’ ಅಂದ್ರು. ಬಿಸಿ ಮಾಡಿದ್ರೂ, ಒತ್ತಡ ಹಾಕಿದ್ರೂ ಅರ್ಧಾಯುಷ್ಯ ಬದಲಾಗೋದೇ ಇಲ್ವಾ?

ಕಣಭೌತ_ಸಂಶೋಧಕಿ

ಸಾಮಾನ್ಯ ಬೀಟಾ ಕ್ಷಯಕ್ಕೆ ಒಲೆಯ ಬಿಸಿ, ರಾಸಾಯನಿಕ ಕ್ರಿಯೆ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿನ ಶಕ್ತಿ ಕೆಲವು ಎಲೆಕ್ಟ್ರಾನ್‌ವೋಲ್ಟ್, ಇಲ್ಲಿನದು ಅದರ ಸಾವಿರಾರು, ಲಕ್ಷಾಂತರ ಪಟ್ಟು. ಆದರೆ ಸುತ್ತಲಿನ ಎಲೆಕ್ಟ್ರಾನ್‌ಗಳನ್ನೇ ತೆಗೆದುಬಿಟ್ಟರೆ ಕಥೆ ಬೇರೆ.

ಬೆರಿಲಿಯಮ್-7 ಎಲೆಕ್ಟ್ರಾನನ್ನು ನುಂಗಿಯೇ ಕ್ಷಯಿಸಬೇಕು ಅಂದೆನಲ್ಲ. ವಿಶ್ವಕಿರಣದಲ್ಲಿ ಎಲೆಕ್ಟ್ರಾನ್ ಪೂರ್ತಿ ಕಳಚಿಕೊಂಡು ಹಾರುತ್ತಿರುವ ಬೆರಿಲಿಯಮ್-7 ಕ್ಷಯಿಸಲಾರದು, ನುಂಗಲು ಏನೂ ಇಲ್ಲ. ಇದಕ್ಕೆ ತದ್ವಿರುದ್ಧ ಡಿಸ್ಪ್ರೋಸಿಯಮ್-163. ಪೂರ್ಣ ಪರಮಾಣುವಾಗಿದ್ದರೆ ಸ್ಥಿರ. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್ಐ ಪ್ರಯೋಗಾಲಯದಲ್ಲಿ 1992ರಲ್ಲಿ ಅದರ 66 ಎಲೆಕ್ಟ್ರಾನ್‌ಗಳನ್ನೂ ತೆಗೆದು ಉಂಗುರದಲ್ಲಿ ಸುತ್ತಿಸಿದರು. ಅದು ಬೀಟಾ ಕ್ಷಯ ಮಾಡಿತು, ಅರ್ಧಾಯುಷ್ಯ 47 ದಿನ. ಹುಟ್ಟಿದ ಎಲೆಕ್ಟ್ರಾನ್ ಹೊರಗೆ ಹೋಗಬೇಕಿಲ್ಲ, ಖಾಲಿಯಾದ ಒಳಕವಚದಲ್ಲೇ ಕೂತುಬಿಡುತ್ತದೆ, ಆಗ ಶಕ್ತಿಯ ಲೆಕ್ಕ ಸರಿಹೋಗುತ್ತದೆ. ರೀನಿಯಮ್-187ರ ಅರ್ಧಾಯುಷ್ಯ 4,000 ಕೋಟಿ ವರ್ಷಕ್ಕೂ ಹೆಚ್ಚು, ಎಲ್ಲ ಎಲೆಕ್ಟ್ರಾನ್ ತೆಗೆದಾಗ ಕೆಲವು ದಶಕಗಳಿಗೆ ಇಳಿಯಿತು. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗಗಳು ಇವು.

ಪಿಯು_ತೀರ್ಥಹಳ್ಳಿ

ಮೇಡಂ, ದುರ್ಬಲ ಬಲದಿಂದ ಬೀಟಾ ಕ್ಷಯ ಆಗುತ್ತೆ ಅಂತ ಒಂದು ಸಾಲು ಇದೆ ನಮ್ಮ ಪುಸ್ತಕದಲ್ಲಿ. ಬಲ ಅಂದ್ರೆ ತಳ್ಳೋದು, ಎಳೆಯೋದು ತಾನೆ? ಇಲ್ಲಿ ಯಾರು ಯಾರನ್ನ ತಳ್ತಾರೆ?

ಕಣಭೌತ_ಸಂಶೋಧಕಿ

ಯಾರೂ ಯಾರನ್ನೂ ತಳ್ಳುವುದಿಲ್ಲ. ಇಲ್ಲಿ ಬಲ ಎಂದರೆ ಕಣದ ಬಗೆಯನ್ನೇ ಬದಲಿಸುವ ಕ್ರಿಯೆ ಎಂದು ತಿಳಿದುಕೊಳ್ಳಿ. ನ್ಯೂಟ್ರಾನಿನೊಳಗೆ ಕ್ವಾರ್ಕ್ ಎಂಬ ಇನ್ನೂ ಸಣ್ಣ ಕಣಗಳಿವೆ: ಒಂದು ಅಪ್, ಎರಡು ಡೌನ್ ಕ್ವಾರ್ಕ್. ಒಂದು ಡೌನ್ ಅಪ್ ಆಗಿ ಬದಲಾಗುತ್ತದೆ, ಆಗ ಅದು ಪ್ರೋಟಾನ್. ಈ ಬದಲಾವಣೆಯಲ್ಲಿ ಡಬ್ಲ್ಯೂ ಎಂಬ ಬೋಸಾನ್ ಮಧ್ಯವರ್ತಿ, ಅದು ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೊ ಆಗುತ್ತದೆ. ಡಬ್ಲ್ಯೂ ದ್ರವ್ಯರಾಶಿ 80 ಜಿಇವಿಗೂ (ಒಂದು ಜಿಇವಿ ಎಂದರೆ ಸಾವಿರ ಎಂಇವಿ) ಹೆಚ್ಚು, ಪ್ರೋಟಾನಿನ 85 ಪಟ್ಟು. ಒಂದು ಎಂಇವಿಯ ವ್ಯವಹಾರಕ್ಕೆ ಅಷ್ಟು ಭಾರದ ಮಧ್ಯವರ್ತಿ ಎನ್ನುವುದರಿಂದಲೇ ಇದು ಅಷ್ಟು ಅಪರೂಪ, ಅಷ್ಟು ನಿಧಾನ. ಡಬ್ಲ್ಯೂ 1983ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕಿತು.

ಆ ನಿಧಾನ ನಮಗೆ ಜೀವಾಳ. ಸೂರ್ಯನಲ್ಲಿ ಎರಡು ಪ್ರೋಟಾನ್ ಸೇರಿ ಡ್ಯೂಟೀರಿಯಮ್ ಆಗಬೇಕಾದರೆ, ಸೇರುವ ಆ ಕ್ಷಣದಲ್ಲೇ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಬೇಕು, ಬೀಟಾ ಪ್ಲಸ್ ರೀತಿಯಲ್ಲೇ. ಸೂರ್ಯನ ಗರ್ಭದಲ್ಲಿ ಒಂದು ಪ್ರೋಟಾನಿಗೆ ಆ ಯೋಗ ಕೂಡಿಬರಲು ಸರಾಸರಿ ನೂರಾರು ಕೋಟಿ ವರ್ಷ ಬೇಕು. ಈ ಬಲ ಪ್ರಬಲವಾಗಿದ್ದಿದ್ದರೆ ಸೂರ್ಯ ಎಂದೋ ಉರಿದು ಮುಗಿಯುತ್ತಿದ್ದ.

ಈ ಬಲಕ್ಕೆ ಇನ್ನೊಂದು ಗುಣವಿದೆ: ಎಡ, ಬಲಗಳಲ್ಲಿ ಭೇದ ಮಾಡುತ್ತದೆ. ಚಿಯೆನ್-ಷಿಯುಂಗ್ ವೂ ಕೋಬಾಲ್ಟ್-60 ಅನ್ನು ನಿರಪೇಕ್ಷ ಸೊನ್ನೆಯ ಹತ್ತಿರಕ್ಕೆ ತಂಪಿಸಿ, ನ್ಯೂಕ್ಲಿಯಸ್‌ಗಳ ಸ್ಪಿನ್ನನ್ನು ಒಂದೇ ದಿಕ್ಕಿಗೆ ನಿಲ್ಲಿಸಿದಾಗ, ಎಲೆಕ್ಟ್ರಾನ್‌ಗಳು ಸ್ಪಿನ್ನಿನ ವಿರುದ್ಧ ದಿಕ್ಕಿಗೇ ಹೆಚ್ಚು ಬಂದವು. 1957ರ ಆರಂಭದಲ್ಲಿ ಫಲಿತಾಂಶ ಹೊರಬಿತ್ತು. ಇಂಥ ಭೇದ ಇರಬಹುದು ಎಂದು ಮೊದಲೇ ಹೇಳಿದ್ದ ಲೀ ಮತ್ತು ಯಾಂಗ್ ಅವರಿಗೆ ಅದೇ ವರ್ಷ ಆ ಸಿದ್ಧಾಂತಕ್ಕಾಗಿ ನೊಬೆಲ್ ಬಂತು, ವೂ ಅವರಿಗೆ ಬರಲಿಲ್ಲ. ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ದುರ್ಬಲ ಬಲದ ಸರಿಯಾದ ಗಣಿತರೂಪವನ್ನು ಕೇರಳದ ಇ. ಸಿ. ಜಿ. ಸುದರ್ಶನ್, ತಮ್ಮ ಗುರು ಮಾರ್ಷಕ್ ಜೊತೆ 1957ರಲ್ಲೇ ಕಂಡುಕೊಂಡರು. ಫೈನ್‌ಮನ್ ಮತ್ತು ಗೆಲ್-ಮನ್ ಬರೆದದ್ದು ಹೆಚ್ಚು ಪ್ರಸಿದ್ಧವಾಯಿತು. ನಮ್ಮ ಪಠ್ಯದಲ್ಲಿ ಸುದರ್ಶನ್ ಹೆಸರು ಒಂದು ಸಾಲಾದರೂ ಇರಬೇಕಿತ್ತು.

ಬಂಗಾರಪೇಟೆ_ಹುಡುಗ

ಕೋಲಾರದ ಚಿನ್ನದ ಗಣಿಯಲ್ಲಿ ನ್ಯೂಟ್ರಿನೊ ಸಿಕ್ಕಿತ್ತು ಅಂತ ನಮ್ಮ ತಾತ ಹೇಳ್ತಿದ್ರು, ಅವರು ಗಣಿಯಲ್ಲೇ ಕೆಲಸಕ್ಕಿದ್ದವರು. ಅದೂ ಬೀಟಾ ಕ್ಷಯದ್ದೇನಾ?

ನಿವೃತ್ತ_ಭೌತಶಾಸ್ತ್ರ_ಮೇಷ್ಟ್ರು

ನಿಮ್ಮ ತಾತ ಹೇಳಿದ್ದು ಸತ್ಯ. ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮುಂಬಯಿಯ ಟಿಐಎಫ್ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಉಪಕರಣ ಇಟ್ಟಿದ್ದರು. ಎಂ. ಜಿ. ಕೆ. ಮೆನನ್ ಮತ್ತು ನಮ್ಮ ಮೈಸೂರು ಸೀಮೆಯ ಬಿ. ವಿ. ಶ್ರೀಕಂಠನ್ ಆ ಕೆಲಸದ ಮುಂಚೂಣಿಯಲ್ಲಿದ್ದರು. ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಪ್ರಕಟಿಸಿದರು. ಅದೇ ವರ್ಷ ರೀನ್ಸ್ ಅವರ ತಂಡವೂ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಕಂಡಿತು. ಭೂಮಿಯ ಮೇಲೆ ಮೊಟ್ಟಮೊದಲು ಇದನ್ನು ಕಂಡ ಎರಡು ಜಾಗಗಳಲ್ಲಿ ಕೋಲಾರ ಒಂದು.

ಆದರೆ ಅವು ನ್ಯೂಕ್ಲಿಯಸ್ಸಿನ ಬೀಟಾ ಕ್ಷಯದವಲ್ಲ. ಮೇಲೆ ಪಯಾನ್, ಮ್ಯೂಯಾನ್ ಎಂಬ ಕಣಗಳು ಕ್ಷಯಿಸಿದಾಗ ಹುಟ್ಟಿದವು. ಬಗೆ ಬೇರೆ, ಹಿಂದಿರುವ ದುರ್ಬಲ ಬಲ ಒಂದೇ. ಅಷ್ಟು ಆಳಕ್ಕೆ ಹೋದದ್ದು ಉಳಿದ ಕಣಗಳೆಲ್ಲ ಬಂಡೆಯಲ್ಲೇ ನಿಂತುಬಿಡಲಿ ಎಂದು. ಗಣಿ 2001ರಲ್ಲಿ ಮುಚ್ಚಿತು. ತಾತ ಆ ಉಪಕರಣಗಳ ಬಗ್ಗೆ ಏನೇನು ಹೇಳುತ್ತಿದ್ದರೋ ನೆನಪಿರುವಷ್ಟನ್ನು ಬರೆದಿಡಿ. ಅದು ಬೇರೆಲ್ಲೂ ಸಿಗುವುದಿಲ್ಲ.

ಧಾರವಾಡ_ಓದುಗ

ಕಡೀ ಪ್ರಶ್ನೆ. ನ್ಯೂಟ್ರಿನೊ ತೂಕ ಎಷ್ಟಂತ ಈಗರ ಗೊತ್ತಾಗೇತೇನ್ರಿ?

ಕಣಭೌತ_ಸಂಶೋಧಕಿ

ಸೊನ್ನೆ ಅಲ್ಲ ಎಂದು ಗೊತ್ತು, ಎಷ್ಟು ಎಂದು ಇನ್ನೂ ಗೊತ್ತಿಲ್ಲ. ಅಳೆಯಲು ಬಳಸುವುದು ಬೀಟಾ ಕ್ಷಯವನ್ನೇ. ಟ್ರಿಟಿಯಮ್ (ಹೈಡ್ರೋಜನ್-3) ಕ್ಷಯಿಸಿದಾಗ ಬರುವ ಎಲೆಕ್ಟ್ರಾನ್‌ನ ಗರಿಷ್ಠ ಶಕ್ತಿ ಸುಮಾರು 18.6 ಕೆಇವಿ. ನ್ಯೂಟ್ರಿನೊಗೆ ದ್ರವ್ಯರಾಶಿ ಇದ್ದರೆ ಅದು ಹುಟ್ಟುವುದಕ್ಕೇ ಒಂದಿಷ್ಟು ಶಕ್ತಿ ಹೋಗುತ್ತದೆ, ಆಗ ರೋಹಿತದ ತುದಿ ಅಷ್ಟರಮಟ್ಟಿಗೆ ಕೆಳಗಿಳಿದು ಅದರ ಆಕಾರ ಬದಲಾಗುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಕ್ಯಾಟ್ರಿನ್ ಪ್ರಯೋಗ ಆ ತುದಿಯನ್ನೇ ನೋಡಲು ಕಟ್ಟಿದ್ದು. 2025ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 0.45 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕಡಿಮೆ. ಎಲೆಕ್ಟ್ರಾನಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ.

ಪಿಯು_ತೀರ್ಥಹಳ್ಳಿ

ಎಲ್ಲರಿಗೂ ತುಂಬಾ ಧನ್ಯವಾದ. ಪೊಟ್ಯಾಸಿಯಮ್-40ಕ್ಕೆ ನಾನೇ ಬರೆದು ನೋಡಿದೆ, ಸರಿ ಇದೆಯಾ ಹೇಳಿ ಸರ್. 19 ಪ್ರೋಟಾನ್, 21 ನ್ಯೂಟ್ರಾನ್. ಬೀಟಾ ಮೈನಸ್ ಆದ್ರೆ ಕ್ಯಾಲ್ಸಿಯಮ್-40, ಎಲೆಕ್ಟ್ರಾನ್, ಆಂಟಿನ್ಯೂಟ್ರಿನೊ. ಎಲೆಕ್ಟ್ರಾನ್ ಸೆರೆ ಆದ್ರೆ ಆರ್ಗಾನ್-40, ನ್ಯೂಟ್ರಿನೊ. ಒಂದೇ ನ್ಯೂಕ್ಲಿಯಸ್‌ಗೆ ಎರಡೂ ದಾರಿ ಇರಬಹುದಾ?

ನಿವೃತ್ತ_ಭೌತಶಾಸ್ತ್ರ_ಮೇಷ್ಟ್ರು

ಪೂರ್ತಿ ಸರಿ. ಎರಡೂ ದಾರಿ ಇವೆ, ಏಕೆಂದರೆ ಅಕ್ಕಪಕ್ಕದ ಎರಡೂ ಇದಕ್ಕಿಂತ ಹಗುರ. 19, 21 ಎರಡೂ ಬೆಸ, ಜೋಡಿಯಿಲ್ಲದ ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಉಳಿಯುತ್ತವೆ. ಕ್ಯಾಲ್ಸಿಯಮ್, ಆರ್ಗಾನ್‌ಗಳಲ್ಲಿ ಎಲ್ಲವೂ ಜೋಡಿ. ಸುಮಾರು ಶೇ 89ರಷ್ಟು ಕ್ಯಾಲ್ಸಿಯಮ್ ಕಡೆ, ಉಳಿದದ್ದು ಆರ್ಗಾನ್ ಕಡೆ. ಅರ್ಧಾಯುಷ್ಯ 125 ಕೋಟಿ ವರ್ಷ. ಬಾಳೆಹಣ್ಣಿನಲ್ಲೂ ಎಳನೀರಿನಲ್ಲೂ ಇದೆ. ದೊಡ್ಡವರ ಮೈಯಲ್ಲಿ ಸೆಕೆಂಡಿಗೆ ಸುಮಾರು 4 ಸಾವಿರ ಪೊಟ್ಯಾಸಿಯಮ್-40 ಕ್ಷಯಿಸುತ್ತಿರುತ್ತವೆ. ಗಾಳಿಯ ಸುಮಾರು ಶೇ 1ರಷ್ಟಿರುವ ಆರ್ಗಾನಿನ ಬಹುಪಾಲು ಭೂಮಿಯ ಬಂಡೆಗಳಲ್ಲಿ ಹೀಗೆ ಹುಟ್ಟಿ ಹೊರಬಂದದ್ದು.

ಪರೀಕ್ಷೆಯಲ್ಲಿ ಬರೆಯುವಾಗ ಆವೇಶ ಮತ್ತು ದ್ರವ್ಯರಾಶಿ ಸಂಖ್ಯೆಯನ್ನು ಎರಡೂ ಬದಿಯಲ್ಲಿ ಕೂಡಿಸಿ ನೋಡು. ಎಲೆಕ್ಟ್ರಾನ್ ಬಂದರೆ ಆಂಟಿನ್ಯೂಟ್ರಿನೊ, ಪಾಸಿಟ್ರಾನ್ ಬಂದರೆ ಅಥವಾ ಎಲೆಕ್ಟ್ರಾನ್ ಒಳಗೆ ಹೋದರೆ ನ್ಯೂಟ್ರಿನೊ. ಆಂಟಿನ್ಯೂಟ್ರಿನೊ ಚಿಹ್ನೆಯ ತಲೆಯ ಮೇಲಿನ ಗೆರೆ ಮರೆಯಬೇಡ, ಅದಕ್ಕೆ ಅಂಕ ಕಳೆಯುತ್ತಾರೆ.